ಚಂದ್ರಯಾತ್ರೆಗಳ ಬದಲಿ ಗಗನಯಾತ್ರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಂದ್ರನ ನೆಲದ ಮೇಲೆ ಇದುವರೆಗೆ ಹನ್ನೆರಡು ಜನ ನಡೆದಿದ್ದಾರೆ. ಅವರ ಕಥೆ ಹೇಳುವಾಗಲೆಲ್ಲ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ತಂಡದ ಪ್ರಸ್ತಾಪ ಬರುತ್ತದೆ, ಅದರೊಡನೆ ಪ್ರಶ್ನೆಗಳೂ ಬರುತ್ತವೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಉತ್ತರಗಳು ಬಹುಪಾಲು ಅಮೆರಿಕದ ಅಪೊಲೊ ಯೋಜನೆಗೆ ಸಂಬಂಧಿಸಿದವು. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

ಬದಲಿ ಗಗನಯಾತ್ರಿ ಅಂದರೆ ಕ್ರಿಕೆಟ್‌ನ ಹನ್ನೆರಡನೇ ಆಟಗಾರ ಇದ್ದ ಹಾಗೆಯೇ?

ಹೋಲಿಕೆ ಸ್ವಲ್ಪ ದೂರ ಮಾತ್ರ ಸರಿಹೋಗುತ್ತದೆ. ಹನ್ನೆರಡನೇ ಆಟಗಾರ ಯಾರ ಜಾಗದಲ್ಲಿ ಬೇಕಾದರೂ ಕ್ಷೇತ್ರರಕ್ಷಣೆಗೆ ಇಳಿಯಬಲ್ಲ, ಆದರೆ ಅವನಿಗೆ ಗೊತ್ತುಮಾಡಿದ ಒಂದು ಸ್ಥಾನವಿರುವುದಿಲ್ಲ. ಅಪೊಲೊ ಯಾತ್ರೆಗಳ ಬದಲಿ ಗಗನಯಾತ್ರಿಗೆ ನಿರ್ದಿಷ್ಟ ಸ್ಥಾನವಿತ್ತು. ತಂಡದ ನಾಯಕನಿಗೆ ಒಬ್ಬ ಬದಲಿ ನಾಯಕ, ಚಂದ್ರನನ್ನು ಸುತ್ತುತ್ತ ಉಳಿಯುವ ಕಮಾಂಡ್ ಮಾಡ್ಯೂಲಿನ ಚಾಲಕನಿಗೆ ಒಬ್ಬ ಬದಲಿ ಚಾಲಕ, ನೆಲಕ್ಕಿಳಿಯುವ ಲೂನಾರ್ ಮಾಡ್ಯೂಲಿನ ಚಾಲಕನಿಗೆ ಇನ್ನೊಬ್ಬ. ಹೀಗೆ ಮೂವರ ಮುಖ್ಯ ತಂಡಕ್ಕೆ ಮೂವರ ಬದಲಿ ತಂಡ ಇರುತ್ತಿತ್ತು, ಮತ್ತು ಮುಖ್ಯ ತಂಡ ಕಲಿತದ್ದನ್ನೆಲ್ಲ ಬದಲಿ ತಂಡವೂ ಅಷ್ಟೇ ಆಳವಾಗಿ ಕಲಿಯಬೇಕಿತ್ತು.

ಇದಕ್ಕೆ ತಗುಲುತ್ತಿದ್ದ ವೆಚ್ಚವನ್ನು ಅಂತರಿಕ್ಷ ಉಡುಪಿನ ಲೆಕ್ಕವೊಂದೇ ತೋರಿಸುತ್ತದೆ. ಈ ಉಡುಪುಗಳನ್ನು ಒಬ್ಬೊಬ್ಬರ ಮೈಯ ಅಳತೆಗೇ ಹೊಲಿಯಬೇಕಿತ್ತು. ಮುಖ್ಯ ತಂಡದ ಪ್ರತಿಯೊಬ್ಬರಿಗೆ ಮೂರರಂತೆ ಒಂಬತ್ತು, ಬದಲಿ ತಂಡದ ಪ್ರತಿಯೊಬ್ಬರಿಗೆ ಎರಡರಂತೆ ಆರು, ಒಟ್ಟು 15 ಉಡುಪುಗಳು ಒಂದೊಂದು ಯಾತ್ರೆಗೂ ತಯಾರಾಗುತ್ತಿದ್ದವು.

ಯಾರಾದರೂ ಕಾಯಿಲೆ ಬಿದ್ದರೆ ಯಾತ್ರೆಯನ್ನೇ ನಾಲ್ಕು ದಿನ ಮುಂದೂಡಬಹುದಲ್ಲ, ಬದಲಿ ತಂಡ ಯಾಕೆ ಬೇಕು?

ಚಂದ್ರಯಾತ್ರೆಯಲ್ಲಿ ನಾಲ್ಕು ದಿನ ಮುಂದೂಡುವುದು ಆಗದ ಮಾತು. ಇಳಿಯುವ ತಾಣದಲ್ಲಿ ಸೂರ್ಯ ದಿಗಂತದಿಂದ ಸ್ವಲ್ಪವೇ ಮೇಲೆ ಇರಬೇಕು. ಆಗ ಮಾತ್ರ ನೆರಳುಗಳು ಉದ್ದವಾಗಿ ಬಿದ್ದು ಕುಳಿಗಳೂ ಬಂಡೆಗಳೂ ನಾಯಕನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಒಂದು ತಾಣಕ್ಕೆ ಇಂಥ ಬೆಳಕು ತಿಂಗಳಿಗೊಮ್ಮೆ ಒದಗುತ್ತದೆ. ಅದು ತಪ್ಪಿದರೆ ಸುಮಾರು ನಾಲ್ಕು ವಾರ ಕಾಯಬೇಕು, ಅಷ್ಟು ದಿನ ರಾಕೆಟ್ಟು, ಉಡಾವಣಾ ಸಿಬ್ಬಂದಿ, ಸಾಗರದಲ್ಲಿ ಕಾದಿರುವ ಹಡಗುಗಳು ಎಲ್ಲವೂ ಕಾಯಬೇಕು. ಹೀಗಾಗಿ ಕಾಯುವುದಕ್ಕಿಂತ ಸಿದ್ಧವಿರುವ ಇನ್ನೊಬ್ಬರನ್ನು ಕಳಿಸುವ ಏರ್ಪಾಡು ಮಾಡಿಕೊಳ್ಳಲಾಗಿತ್ತು.

ಕರೆ ಬಾರದಿದ್ದರೆ ಅವರಿಗೆ ಮಾಡಲು ಕೆಲಸವಾದರೂ ಏನಿರುತ್ತಿತ್ತು?

ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆಂದರೆ ಬದಲಿ ತಂಡದ ಕೆಲಸದಲ್ಲಿ ಕಾಯುವುದು ತೀರ ಸಣ್ಣ ಭಾಗ. ಕ್ಯಾಲಿಫೋರ್ನಿಯಾದಲ್ಲಿ ಕಮಾಂಡ್ ಮಾಡ್ಯೂಲ್, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಲೂನಾರ್ ಮಾಡ್ಯೂಲ್, ಹ್ಯೂಸ್ಟನ್ನಿನಲ್ಲಿ ನಿಯಂತ್ರಣ ಕೇಂದ್ರ, ಫ್ಲಾರಿಡಾದಲ್ಲಿ ಉಡಾವಣೆ, ಹೀಗೆ ಕೆಲಸ ದೇಶದ ಮೂಲೆಮೂಲೆಯಲ್ಲಿ ಹಂಚಿಹೋಗಿತ್ತು. ಮುಖ್ಯ ತಂಡದ ಮೂವರೇ ಎಲ್ಲ ಪರೀಕ್ಷೆಗಳಲ್ಲಿ, ಎಲ್ಲ ಸಭೆಗಳಲ್ಲಿ ಹಾಜರಿರುವುದು ಅಸಾಧ್ಯವಾಗಿತ್ತು. ನೌಕೆಯೊಳಗೆ ಗಂಟೆಗಟ್ಟಲೆ ಕುಳಿತು ಸ್ವಿಚ್ಚುಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಸಾಮಾನು ಇಡುವ ಗೂಡುಗಳನ್ನು ನೋಡುವುದು, ಕಾರ್ಯಸೂಚಿಯಲ್ಲಿನ ತಪ್ಪು ಹುಡುಕುವುದು, ಗಾಳಿ ಹೊರತೆಗೆದ ಕೊಠಡಿಯಲ್ಲಿ ನೌಕೆಯನ್ನಿಟ್ಟು ಒಳಗೆ ಕುಳಿತು ಪರೀಕ್ಷೆ ನಡೆಸುವುದು, ಇವೆಲ್ಲದರಲ್ಲೂ ಬದಲಿ ತಂಡ ಪಾಲು ಹೊರುತ್ತಿತ್ತು.

ಭೂವಿಜ್ಞಾನದ ತರಬೇತಿಯಲ್ಲೂ ಎರಡು ತಂಡಗಳು ಜೊತೆಯಾಗಿಯೇ ಹೋಗುತ್ತಿದ್ದವು. ಅಪೊಲೊ 13ರ ಸಿದ್ಧತೆಯಲ್ಲಿ, 1969ರ ಸೆಪ್ಟೆಂಬರಿನಲ್ಲಿ, ಮುಖ್ಯ ತಂಡದ ಜಿಮ್ ಲವೆಲ್ ಮತ್ತು ಫ್ರೆಡ್ ಹೇಯ್ಸ್, ಬದಲಿ ತಂಡದ ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ನಾಲ್ವರೂ ಭೂವಿಜ್ಞಾನಿ ಲೀ ಸಿಲ್ವರ್ ಅವರ ಬೆನ್ನುಹತ್ತಿ ಕ್ಯಾಲಿಫೋರ್ನಿಯಾದ ಒರೊಕೋಪಿಯಾ ಬೆಟ್ಟಗಳಲ್ಲಿ ಬಂಡೆಗಳನ್ನು ಓದಲು ಕಲಿತರು. ಲವೆಲ್ ಮತ್ತು ಹೇಯ್ಸ್‌ಗೆ ಆ ಕಲಿಕೆಯನ್ನು ಚಂದ್ರನ ಮೇಲೆ ಬಳಸುವ ಅವಕಾಶ ಸಿಗಲಿಲ್ಲ. ಯಂಗ್ ಮತ್ತು ಡ್ಯೂಕ್ ಅದನ್ನು 1972ರಲ್ಲಿ ಚಂದ್ರನ ಡೆಕಾರ್ಟ್ ಎತ್ತರನಾಡಿನಲ್ಲಿ ಬಳಸಿದರು.

ಕೆಲಸದಲ್ಲಿ ಅಪಾಯವೂ ಇತ್ತು. ಅಪೊಲೊ 14ರ ಬದಲಿ ನಾಯಕನಾಗಿದ್ದ ಯುಜೀನ್ ಸರ್ನನ್ ಉಡಾವಣೆಗೆ ಕೆಲವೇ ದಿನಗಳ ಮೊದಲು, 1971ರ ಜನವರಿಯಲ್ಲಿ, ತರಬೇತಿಯ ಹೆಲಿಕಾಪ್ಟರ್ ಅನ್ನು ಫ್ಲಾರಿಡಾದ ಇಂಡಿಯನ್ ನದಿಗೆ ಕೆಡವಿಕೊಂಡು ಜೀವ ಉಳಿಸಿಕೊಂಡರು.

ಉಡಾವಣೆಯ ದಿನ ಬದಲಿ ತಂಡ ಎಲ್ಲಿರುತ್ತಿತ್ತು?

ಮುಖ್ಯ ತಂಡ ಬರುವ ಮೊದಲೇ ಬದಲಿ ತಂಡದ ಒಬ್ಬರು ನೌಕೆಯೊಳಗೆ ಹೋಗಿ ಸ್ವಿಚ್ಚುಗಳೆಲ್ಲ ಸರಿಯಾದ ಸ್ಥಾನದಲ್ಲಿವೆಯೇ ಎಂದು ಪಟ್ಟಿ ಹಿಡಿದು ನೋಡುತ್ತಿದ್ದರು, ಬಳಿಕ ಬಂದವರನ್ನು ಆಸನಕ್ಕೆ ಬಿಗಿಯಲು ನೆರವಾಗುತ್ತಿದ್ದರು. 1969ರ ಜುಲೈ 16ರ ಬೆಳಿಗ್ಗೆ ಅಪೊಲೊ 11ರಲ್ಲಿ ಈ ಕೆಲಸ ಮಾಡಿದವರು ಫ್ರೆಡ್ ಹೇಯ್ಸ್. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಕೂರಿಸಿ ಅವರು ಕೆಳಗಿಳಿದು ಬಂದರು. ಯಾತ್ರೆ ನಡೆಯುತ್ತಿರುವಾಗ, ಅದರ ಬದಲಿ ನಾಯಕನಾಗಿದ್ದ ಲವೆಲ್ ಮತ್ತು ಹೇಯ್ಸ್ ಹ್ಯೂಸ್ಟನ್ನಿನಿಂದ ನೌಕೆಯೊಡನೆ ಮಾತಾಡುವ ಕೆಲಸವನ್ನೂ ಕೆಲವು ಪಾಳಿಗಳಲ್ಲಿ ವಹಿಸಿಕೊಂಡರು.

ಬೆಂಬಲ ತಂಡ ಎಂದೂ ಕೇಳಿದ್ದೇನೆ, ಅದು ಇದೇ ತಾನೆ?

ಅಲ್ಲ, ಅದು ಮೂರನೆಯ ತಂಡ. ಅಪೊಲೊ ಯೋಜನೆಯ ಕೆಲಸ ಎರಡು ತಂಡಗಳಿಗೂ ಮಿಕ್ಕಿ ಬೆಳೆದಾಗ ಇದನ್ನು ಸೇರಿಸಲಾಯಿತು. ಕಾರ್ಯಸೂಚಿಗಳನ್ನು ತಿದ್ದಿಡುವುದು, ನಿಯಮಗಳ ಬದಲಾವಣೆಗಳನ್ನು ಗಮನಿಸುವುದು ಇವರ ಪಾಲಿನ ಕೆಲಸ. ಯಾತ್ರೆಗೆ ಹೋಗಬೇಕಾದ ಸಾಧ್ಯತೆ ಇವರಿಗಿರಲಿಲ್ಲ. ಹೊಸಬರಿಗೆ ಇದು ಮೊದಲ ಮೆಟ್ಟಿಲಾಗಿತ್ತು, ಹೇಯ್ಸ್ ಮತ್ತು ಡ್ಯೂಕ್ ಅವರಂಥವರು ಅಲ್ಲಿಂದಲೇ ಮೇಲೆ ಬಂದವರು.

## ಸರದಿ ಮತ್ತು ಬದಲಾವಣೆ

ಬದಲಿ ತಂಡಕ್ಕೆ ಮೂರು ಯಾತ್ರೆ ಬಿಟ್ಟು ತಾನಾಗಿಯೇ ಅವಕಾಶ ಸಿಗುತ್ತಿತ್ತಂತೆ, ನಿಜವೇ?

ಎರಡು ಯಾತ್ರೆ ಬಿಟ್ಟು ಮೂರನೆಯದು ಎಂದರೆ ಸರಿ, ಆದರೆ ಅದು ಬರೆದಿಟ್ಟ ಹಕ್ಕಾಗಿರಲಿಲ್ಲ. ತಂಡಗಳನ್ನು ಆರಿಸುತ್ತಿದ್ದವರು ಡೀಕ್ ಸ್ಲೇಟನ್. ಬದಲಿಯಾಗಿ ತರಬೇತಾದವರ ಕಲಿಕೆ ವ್ಯರ್ಥವಾಗಬಾರದೆಂಬುದು ಅವರ ಲೆಕ್ಕ. ಅಪೊಲೊ 7ರ ಬದಲಿ ತಂಡ ಅಪೊಲೊ 10ರಲ್ಲಿ ಹೋಯಿತು, 9ರ ಬದಲಿ ತಂಡ 12ರಲ್ಲಿ, 12ರದು 15ರಲ್ಲಿ. ಮೂರೂ ಹೆಸರು ಬದಲಾಗದೆ ಮುಂದೆ ಹೋದದ್ದು ಈ ಮೂರು ಸಲ ಮಾತ್ರ. ಮಿಕ್ಕೆಡೆ ಅನಾರೋಗ್ಯ, ರಾಜೀನಾಮೆ ಅಥವಾ ಮೇಲಿನವರ ತೀರ್ಮಾನ ಒಂದಾದರೂ ಹೆಸರನ್ನು ಬದಲಿಸಿತು.

ಸರದಿ ಮುರಿದದ್ದಕ್ಕೆ ಅಪೊಲೊ 10 ದೊಡ್ಡ ಉದಾಹರಣೆ. ಅದರ ಬದಲಿ ನಾಯಕ ಗಾರ್ಡನ್ ಕೂಪರ್‌ಗೆ ಅಪೊಲೊ 13 ಸಿಗಬೇಕಿತ್ತು, ಸಿಗಲಿಲ್ಲ. ಆ ಸ್ಥಾನ ಅಲನ್ ಶೆಪರ್ಡ್ ಪಾಲಾಯಿತು. ಶೆಪರ್ಡ್ ತಂಡಕ್ಕೆ ತರಬೇತಿಗೆ ಇನ್ನಷ್ಟು ಕಾಲ ಬೇಕೆಂದು ತೋರಿದಾಗ ಅವರನ್ನು 14ಕ್ಕೆ ತಳ್ಳಿ, 14ಕ್ಕೆ ಹೋಗಬೇಕಿದ್ದ ಲವೆಲ್ ತಂಡವನ್ನು 13ಕ್ಕೆ ಎಳೆದುಕೊಂಡರು.

ಹಾಗಿದ್ದರೂ ಒಟ್ಟು ಲೆಕ್ಕ ಸರದಿಯ ಬಲವನ್ನು ತೋರಿಸುತ್ತದೆ. ಚಂದ್ರನ ಮೇಲೆ ನಡೆದ ಹನ್ನೆರಡು ಜನರಲ್ಲಿ ಹನ್ನೊಂದು ಜನ ಅದಕ್ಕೆ ಮೊದಲು ಯಾವುದಾದರೂ ಅಪೊಲೊ ಯಾತ್ರೆಯ ಬದಲಿ ತಂಡದಲ್ಲಿ ದುಡಿದಿದ್ದವರು. ಶೆಪರ್ಡ್ ಒಬ್ಬರೇ ಇದಕ್ಕೆ ಹೊರತು.

ಕೊನೆ ಗಳಿಗೆಯಲ್ಲಿ ನಿಜವಾಗಿ ಯಾರನ್ನಾದರೂ ಬದಲಾಯಿಸಿದ್ದಿದೆಯೇ?

ಇದೆ, 1970ರ ಏಪ್ರಿಲ್‌ನಲ್ಲಿ, ಅಪೊಲೊ 13ರಲ್ಲಿ. ಬದಲಿ ತಂಡದ ಚಾರ್ಲ್ಸ್ ಡ್ಯೂಕ್‌ಗೆ ಪರಿಚಿತರ ಮಗುವಿನಿಂದ ರುಬೆಲ್ಲಾ, ಅಂದರೆ ಜರ್ಮನ್ ದಡಾರ, ಅಂಟಿತು. ಎರಡು ತಂಡಗಳೂ ಒಟ್ಟಿಗೇ ದುಡಿಯುತ್ತಿದ್ದುದರಿಂದ ಎಲ್ಲರ ರಕ್ತ ಪರೀಕ್ಷೆಯಾಯಿತು. ಮುಖ್ಯ ತಂಡದಲ್ಲಿ ಲವೆಲ್ ಮತ್ತು ಹೇಯ್ಸ್‌ಗೆ ರೋಗನಿರೋಧಕ ಶಕ್ತಿ ಇತ್ತು, ಕಮಾಂಡ್ ಮಾಡ್ಯೂಲ್ ಚಾಲಕ ಕೆನ್ ಮ್ಯಾಟಿಂಗ್ಲಿಗೆ ಇರಲಿಲ್ಲ. ಇಬ್ಬರು ಕೆಳಗಿಳಿದಾಗ ಅವರು ಒಬ್ಬರೇ ಚಂದ್ರನನ್ನು ಸುತ್ತುತ್ತಿರಬೇಕು, ಜ್ವರ ಬರುವುದಾದರೆ ಸರಿಯಾಗಿ ಆ ದಿನಗಳಲ್ಲೇ ಬರುವ ಸಂಭವವಿತ್ತು. ಕೊನೆಯ ಮೂರು ದಿನಗಳೊಳಗೆ ಅವರ ಜಾಗಕ್ಕೆ ಬದಲಿ ಚಾಲಕ ಜ್ಯಾಕ್ ಸ್ವೈಗರ್ಟ್ ಬಂದರು.

ಇಲ್ಲಿ ಎಲ್ಲರೂ ಗಮನಿಸದೆ ಹೋಗುವ ಸಂಗತಿಯೊಂದಿದೆ. ಸ್ವೈಗರ್ಟ್‌ಗೆ ಕೆಲಸ ಗೊತ್ತಿದೆಯೇ ಎಂಬ ಅನುಮಾನ ಯಾರಿಗೂ ಇರಲಿಲ್ಲ. ಕಮಾಂಡ್ ಮಾಡ್ಯೂಲ್ ಕೆಟ್ಟಾಗ ಏನು ಮಾಡಬೇಕೆಂಬ ವಿಧಾನಗಳನ್ನು ರೂಪಿಸುವುದರಲ್ಲೇ ಅವರ ಪಾತ್ರವಿತ್ತು. ಅನುಮಾನ ಇದ್ದದ್ದು ಹೊಂದಾಣಿಕೆಯ ಬಗ್ಗೆ. ತಿಂಗಳುಗಟ್ಟಲೆ ಜೊತೆಯಲ್ಲಿ ಅಭ್ಯಾಸ ಮಾಡಿದವರು ಅರ್ಧ ಮಾತಿಗೇ ಪೂರ್ತಿ ಅರ್ಥ ಹಿಡಿಯುತ್ತಾರೆ, ದನಿಯ ಏರಿಳಿತದಿಂದಲೇ ಇನ್ನೊಬ್ಬರ ಆತಂಕ ತಿಳಿಯುತ್ತಾರೆ. ಹಾಗಾಗಿ ಲವೆಲ್, ಹೇಯ್ಸ್, ಸ್ವೈಗರ್ಟ್ ಮೂವರನ್ನೂ ಸಿಮ್ಯುಲೇಟರಿನಲ್ಲಿ, ಅಂದರೆ ನೌಕೆಯನ್ನು ಹೋಲುವ ತರಬೇತಿ ಯಂತ್ರದಲ್ಲಿ, ಕೂರಿಸಿ, ಕಷ್ಟದ ಸನ್ನಿವೇಶಗಳನ್ನು ಒಡ್ಡಿ ನೋಡಿದರು. ಅದಾದ ಮೇಲೆಯೇ ಒಪ್ಪಿಗೆ ಸಿಕ್ಕಿತು, ಏಪ್ರಿಲ್ 11ರಂದು ರಾಕೆಟ್ ಹಾರಿತು.

ಏಪ್ರಿಲ್ 13ರ ರಾತ್ರಿ ಆಮ್ಲಜನಕದ ತೊಟ್ಟಿ ಸಿಡಿದು ಕಮಾಂಡ್ ಮಾಡ್ಯೂಲ್ ಶಕ್ತಿ ಕಳೆದುಕೊಂಡಿತು. ನೌಕೆಯಲ್ಲಿ ಸ್ವೈಗರ್ಟ್ ಇದ್ದರು, ನೆಲದ ಮೇಲೆ ಮ್ಯಾಟಿಂಗ್ಲಿ ಇದ್ದರು. ಉಳಿದಿದ್ದ ಅಲ್ಪ ವಿದ್ಯುತ್ತಿನಲ್ಲೇ ತಣ್ಣಗೆ ಮಲಗಿದ್ದ ನೌಕೆಯನ್ನು ಮತ್ತೆ ಎಬ್ಬಿಸುವ ವಿಧಾನವನ್ನು ನಿಯಂತ್ರಣ ಕೇಂದ್ರದ ಎಂಜಿನಿಯರುಗಳು ಕಟ್ಟಿದಾಗ, ಅದನ್ನು ಪರೀಕ್ಷಿಸಿ ಮೇಲಕ್ಕೆ ಓದಿ ಹೇಳುವ ಕೆಲಸದಲ್ಲಿ ಮ್ಯಾಟಿಂಗ್ಲಿ ನಿಂತರು, ಅದನ್ನು ಬರೆದುಕೊಂಡು ನಡೆಸಿದವರು ಸ್ವೈಗರ್ಟ್. ಒಂದೇ ಸ್ಥಾನಕ್ಕೆ ತರಬೇತಾದ ಇಬ್ಬರು ಎರಡು ತುದಿಯಲ್ಲಿದ್ದು ಮೂರು ಜೀವ ಉಳಿಸಿದ ಈ ಘಟನೆಯನ್ನು ನೆನೆದಾಗಲೆಲ್ಲ ಬದಲಿ ತಂಡ ದುಂದುವೆಚ್ಚ ಎನ್ನುವ ಮಾತು ನನಗೆ ಅರ್ಥವಾಗುವುದಿಲ್ಲ. ಮ್ಯಾಟಿಂಗ್ಲಿಗೆ ರುಬೆಲ್ಲಾ ಬರಲೇ ಇಲ್ಲ. 1972ರಲ್ಲಿ ಅವರು ಅಪೊಲೊ 16ರಲ್ಲಿ ಅದೇ ಯಂಗ್ ಮತ್ತು ಡ್ಯೂಕ್ ಜೊತೆ ಚಂದ್ರನತ್ತ ಹೋದರು.

ಆ ಘಟನೆಯ ನಂತರ ನಿಯಮಗಳೇನಾದರೂ ಬದಲಾದವೇ?

ಬದಲಾದವು. ಅಪೊಲೊ 14ರಿಂದ ಉಡಾವಣೆಗೆ ಮೊದಲಿನ 21 ದಿನ ಗಗನಯಾತ್ರಿಗಳು ಹೊರಗಿನ ಜನರಿಂದ ದೂರವಿರುವ ಪದ್ಧತಿ ಬಂತು. ಡ್ಯೂಕ್ ಪ್ರಕರಣ ಕಲಿಸಿದಂತೆ ಸೋಂಕು ಬದಲಿ ತಂಡದಿಂದಲೇ ಮುಖ್ಯ ತಂಡಕ್ಕೆ ದಾಟಬಹುದಾದ್ದರಿಂದ, ಕಟ್ಟುಪಾಡು ಎರಡೂ ತಂಡಗಳಿಗೆ ಅನ್ವಯಿಸಿತು.

ಸಾವಿನಿಂದಾಗಿ ತಂಡ ಬದಲಾದದ್ದೂ ಇದೆಯಂತೆ?

ಇದೆ. ಅಪೊಲೊಗೆ ಮೊದಲು ಇಬ್ಬಿಬ್ಬರನ್ನು ಭೂಕಕ್ಷೆಗೆ ಕಳಿಸುತ್ತಿದ್ದ ಜೆಮಿನಿ ಯೋಜನೆಯಲ್ಲಿ, 1966ರ ಫೆಬ್ರುವರಿ 28ರಂದು, ಜೆಮಿನಿ 9ರ ಮುಖ್ಯ ತಂಡದ ಎಲಿಯಟ್ ಸೀ ಮತ್ತು ಚಾರ್ಲ್ಸ್ ಬ್ಯಾಸೆಟ್ ಸೇಂಟ್ ಲೂಯಿಸ್‌ನಲ್ಲಿ ಇಳಿಯುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬದಲಿ ತಂಡದ ಟಾಮ್ ಸ್ಟಾಫರ್ಡ್ ಮತ್ತು ಸರ್ನನ್ ಆ ಯಾತ್ರೆಯನ್ನು ಜೂನ್‌ನಲ್ಲಿ ಮಾಡಿದರು. ಜೆಮಿನಿ 10ರ ಬದಲಿಯಾಗಿದ್ದ ಲವೆಲ್ ಮತ್ತು ಆಲ್ಡ್ರಿನ್ ಒಂದು ಮೆಟ್ಟಿಲು ಈಚೆಗೆ ಸರಿದು 9ರ ಬದಲಿಯಾದರು. 10ರ ಬದಲಿಗೆ ಸರದಿಯಂತೆ ಸಿಗಬೇಕಾದ 13ನೆಯ ಜೆಮಿನಿ ಯೋಜನೆಯಲ್ಲೇ ಇರಲಿಲ್ಲ. 9ರ ಬದಲಿಗೆ ಜೆಮಿನಿ 12 ಸಿಕ್ಕಿತು. ಅಲ್ಲಿ ನೌಕೆಯ ಹೊರಗೆ ಮಾಡಿದ ಕೆಲಸವೇ ಆಲ್ಡ್ರಿನ್ ಅವರಿಗೆ ಹೆಸರು ತಂದದ್ದು.

1967ರ ಅಕ್ಟೋಬರಿನಲ್ಲಿ ಕ್ಲಿಫ್ಟನ್ ವಿಲಿಯಮ್ಸ್ ವಿಮಾನ ಅಪಘಾತದಲ್ಲಿ ಸತ್ತಾಗ ಪೀಟ್ ಕಾನ್ರಾಡ್ ನಾಯಕತ್ವದ ಬದಲಿ ತಂಡದಲ್ಲಿ ಅವರ ಜಾಗಕ್ಕೆ ಅಲನ್ ಬೀನ್ ಬಂದರು. ಆ ತಂಡ ಅಪೊಲೊ 12ರಲ್ಲಿ ಹೋದಾಗ ಅದರ ಲಾಂಛನದಲ್ಲಿ ಮೂರು ನಕ್ಷತ್ರಗಳಿರುವ ಬದಲು ನಾಲ್ಕಿದ್ದವು. ನಾಲ್ಕನೆಯದು ವಿಲಿಯಮ್ಸ್ ಅವರದು.

## ಇನ್ನಷ್ಟು ಆಳದ ಪ್ರಶ್ನೆಗಳು

ಆರ್ಮ್‌ಸ್ಟ್ರಾಂಗ್ ಮೊದಲಿಗರಾದದ್ದು ಬದಲಿ ತಂಡಗಳ ಅದಲುಬದಲಿನಿಂದ ಎನ್ನುತ್ತಾರೆ, ಹೇಗೆ?

1968ರಲ್ಲಿ ಲೂನಾರ್ ಮಾಡ್ಯೂಲ್ ತಯಾರಿ ತಡವಾದಾಗ, ಅದಿಲ್ಲದೆಯೇ ಅಪೊಲೊ 8ನ್ನು ಚಂದ್ರನ ಕಕ್ಷೆಗೆ ಕಳಿಸಲು ನಾಸಾ ತೀರ್ಮಾನಿಸಿತು. ಲೂನಾರ್ ಮಾಡ್ಯೂಲಿನಲ್ಲಿ ಪಳಗಿದ್ದ ಜಿಮ್ ಮ್ಯಾಕ್‌ಡಿವಿಟ್ ತಂಡ ಅದಕ್ಕಾಗಿ ಕಾದು ಅಪೊಲೊ 9ಕ್ಕೆ ಹೋಯಿತು, ಫ್ರಾಂಕ್ ಬೋರ್ಮನ್ ತಂಡ 8ಕ್ಕೆ ಬಂತು. ಮುಖ್ಯ ತಂಡಗಳ ಜೊತೆ ಬದಲಿ ತಂಡಗಳೂ ಸ್ಥಾನ ಬದಲಿಸಿದವು: ಬೋರ್ಮನ್‌ಗೆ ಬದಲಿಯಾಗಿದ್ದ ಆರ್ಮ್‌ಸ್ಟ್ರಾಂಗ್ 8ಕ್ಕೆ, ಮ್ಯಾಕ್‌ಡಿವಿಟ್‌ಗೆ ಬದಲಿಯಾಗಿದ್ದ ಕಾನ್ರಾಡ್ 9ಕ್ಕೆ. ಮೂರರ ಸರದಿ ಹಾಕಿದರೆ ಆರ್ಮ್‌ಸ್ಟ್ರಾಂಗ್‌ಗೆ 11, ಕಾನ್ರಾಡ್‌ಗೆ 12. ಈ ಅದಲುಬದಲು ಆಗದಿದ್ದರೆ ಅಪೊಲೊ 11ರ ನಾಯಕತ್ವ ಕಾನ್ರಾಡ್‌ಗೆ ಬರುವುದು ಸಹಜವಾಗಿತ್ತು. 12ರ ನಾಯಕನಾಗಿ ಅವರು ಚಂದ್ರನ ಮೇಲೆ ನಡೆದ ಮೂರನೆಯವರಾದರು.

ಅಪೊಲೊ 8ರಲ್ಲೇ ಇನ್ನೊಂದು ಪಲ್ಲಟವೂ ಆಯಿತು. ಮುಖ್ಯ ತಂಡದ ಮೈಕಲ್ ಕಾಲಿನ್ಸ್‌ಗೆ ಕತ್ತಿನ ಬಳಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಬೇಕಾಯಿತು, ಬದಲಿ ತಂಡದ ಲವೆಲ್ ಮೇಲೇರಿದರು, ಖಾಲಿಯಾದ ಬದಲಿ ಸ್ಥಾನಕ್ಕೆ ಹೇಯ್ಸ್ ಬಂದರು. ಕಾಲಿನ್ಸ್ ಗುಣವಾಗಿ ಅಪೊಲೊ 11ಕ್ಕೆ ಸೇರಿದಾಗ ಹೇಯ್ಸ್ ಮತ್ತೆ ಬದಲಿಯಾಗಿಯೇ ಉಳಿದರು.

ಬದಲಿಯಾಗಿ ದುಡಿದೂ ಚಂದ್ರನ ಮೇಲೆ ಇಳಿಯದೇ ಉಳಿದವರು ಯಾರು?

ಮೂವರನ್ನು ಹೆಸರಿಸುತ್ತೇನೆ. ರಿಚರ್ಡ್ ಗಾರ್ಡನ್ ಅಪೊಲೊ 12ರಲ್ಲಿ ಗೆಳೆಯರಿಬ್ಬರು ಇಳಿದಾಗ ಮೇಲೆ ಸುತ್ತುತ್ತಿದ್ದರು. ಅಪೊಲೊ 15ರ ಬದಲಿ ನಾಯಕತ್ವ ಒಪ್ಪಿದ್ದು 18ರಲ್ಲಿ ತಾವೇ ಇಳಿಯುವ ಆಸೆಯಿಂದ, ಆದರೆ 18 ರದ್ದಾಯಿತು. ಅದೇ ಬದಲಿ ತಂಡದಲ್ಲಿದ್ದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರನ್ನಾದರೂ ಕಳಿಸಬೇಕೆಂದು ವಿಜ್ಞಾನಿಗಳು ಒತ್ತಾಯಿಸಿದಾಗ, ಅವರಿಗೆ ಅಪೊಲೊ 17ರಲ್ಲಿ ಜಾಗ ಮಾಡಲಾಯಿತು. ಆ ಜಾಗ 14ರ ಬದಲಿಯಾಗಿದ್ದ ಜೋ ಎಂಗಲ್ ಅವರದಾಗಬೇಕಿತ್ತು. ವಿಜ್ಞಾನದ ದೃಷ್ಟಿಯಿಂದ ತೀರ್ಮಾನ ಸರಿಯೆಂದೇ ನನ್ನ ನಂಬಿಕೆ. ಎಂಗಲ್ ಕಳೆದುಕೊಂಡದ್ದು ಅದರಿಂದ ಚಿಕ್ಕದಾಗುವುದಿಲ್ಲ. ಮೂರನೆಯವರು ಹೇಯ್ಸ್: 8, 11, 16 ಮೂರು ಯಾತ್ರೆಗಳಿಗೆ ಬದಲಿ, ಹೋದ ಒಂದೇ ಚಂದ್ರಯಾತ್ರೆ ಅಪೊಲೊ 13.

ರಷ್ಯನ್ನರು ಒಬ್ಬರಿಗೆ ಹುಷಾರಿಲ್ಲದಿದ್ದರೆ ಇಡೀ ತಂಡವನ್ನೇ ಬದಲಿಸುತ್ತಿದ್ದರಂತೆ. ಯಾವುದು ಸರಿ?

ಸೋವಿಯತ್ ಒಕ್ಕೂಟ ಮನುಷ್ಯರನ್ನು ಚಂದ್ರನಿಗೆ ಕಳಿಸಲಿಲ್ಲವಾದ್ದರಿಂದ ಹೋಲಿಕೆಗೆ ಭೂಕಕ್ಷೆಯ ಸೊಯುಜ್ 11ನ್ನೇ ನೋಡಬೇಕು. 1971ರ ಜೂನ್‌ನಲ್ಲಿ, ಉಡಾವಣೆಗೆ ಕೆಲವೇ ದಿನಗಳಿದ್ದಾಗ, ವ್ಯಾಲೆರಿ ಕುಬಾಸೊವ್ ಅವರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. ಲಿಯೊನೊವ್, ಕುಬಾಸೊವ್, ಕೊಲೊದಿನ್ ಮೂವರನ್ನೂ ಕೆಳಗಿಳಿಸಿ ಬದಲಿ ತಂಡದ ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಅವರನ್ನು ಕಳಿಸಿದರು. ಜೂನ್ 30ರಂದು ಮರಳುವಾಗ ಕವಾಟವೊಂದು ತೆರೆದುಕೊಂಡು ಗಾಳಿ ಸೋರಿ ಮೂವರೂ ಸತ್ತರು. ದುರಂತಕ್ಕೆ ಕವಾಟ ಕಾರಣವೇ ಹೊರತು ತಂಡ ಬದಲಿಸಿದ್ದಲ್ಲ. ಇಡೀ ತಂಡ ಬದಲಿಸಿದರೆ ಹೊಂದಾಣಿಕೆ ಉಳಿಯುತ್ತದೆ, ಒಬ್ಬರನ್ನು ಬದಲಿಸಿದರೆ ಮುಖ್ಯ ತಂಡದ ಹೆಚ್ಚಿನ ಅಭ್ಯಾಸ ಉಳಿಯುತ್ತದೆ. ಅಪೊಲೊ 13ರಲ್ಲಿ ಮಾಡಿದಂತೆ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಲು ಸಮಯವಿದ್ದರೆ ಎರಡನೆಯದೇ ಮೇಲು ಎಂದು ನನಗೆ ತೋರುತ್ತದೆ.

ನಮ್ಮ ದೇಶದವರು ಯಾರಾದರೂ ಬದಲಿ ಗಗನಯಾತ್ರಿಯಾಗಿದ್ದರೇ?

ಚಂದ್ರಯಾತ್ರೆಗೆ ಅಲ್ಲ, ಭೂಕಕ್ಷೆಗೆ ಹೋಗಿಬಂದ ಯಾತ್ರೆಗಳಿಗೆ ಇಬ್ಬರಿದ್ದರು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೊಯುಜ್ ಟಿ-11ರಲ್ಲಿ ಹೋದಾಗ ಅವರೊಡನೆಯೇ ಮಾಸ್ಕೋ ಬಳಿಯ ತಾರಾನಗರಿಯಲ್ಲಿ ಪೂರ್ತಿ ತರಬೇತಿ ಪಡೆದು ಬದಲಿಯಾಗಿ ನಿಂತವರು ರವೀಶ್ ಮಲ್ಹೋತ್ರಾ. ವಾಯುಪಡೆಯಿಂದ ನಿವೃತ್ತರಾದ ಮೇಲೆ ಅವರು ಬೆಂಗಳೂರಿನ ವೈಮಾನಿಕ ಉದ್ಯಮದಲ್ಲಿ ದುಡಿದರು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಆಕ್ಸಿಯಮ್ 4ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಬದಲಿಯಾಗಿದ್ದವರು ಪ್ರಶಾಂತ್ ಬಾಲಕೃಷ್ಣನ್ ನಾಯರ್. ಶುಕ್ಲಾ, ನಾಯರ್ ಇಬ್ಬರೂ ಗಗನಯಾನಕ್ಕೆ ಆಯ್ಕೆಯಾದ ನಾಲ್ವರಲ್ಲಿ ಸೇರಿದವರು, ಬೆಂಗಳೂರಿನಲ್ಲಿ ತರಬೇತಿ ಪಡೆದವರು.

ಆರ್ಟೆಮಿಸ್ 2ಕ್ಕೆ ನಾಲ್ವರಿದ್ದರೆ ಬದಲಿಗಳು ಇಬ್ಬರೇ ಯಾಕೆ?

ಆರ್ಟೆಮಿಸ್ 2 ಅಂದರೆ ಚಂದ್ರನನ್ನು ಬಳಸಿ ಬರುವ ನಾಸಾದ ಹೊಸ ಯಾತ್ರೆ. ರೀಡ್ ವೈಸ್‌ಮನ್, ವಿಕ್ಟರ್ ಗ್ಲೋವರ್, ಕ್ರಿಸ್ಟಿನಾ ಕಾಕ್, ಜೆರೆಮಿ ಹ್ಯಾನ್ಸನ್ ನಾಲ್ವರಲ್ಲಿ ಹ್ಯಾನ್ಸನ್ ಕೆನಡಾದವರು. ಅವರಿಗೆ ಬದಲಿಯಾಗಿ ಕೆನಡಾದ ಜೆನ್ನಿ ಗಿಬ್ಬನ್ಸ್ ಅವರನ್ನೂ, ನಾಸಾದ ಮೂವರಲ್ಲಿ ಯಾರ ಜಾಗಕ್ಕಾದರೂ ಬರಬಲ್ಲಂತೆ ಆಂಡ್ರೆ ಡಗ್ಲಸ್ ಅವರನ್ನೂ ಹೆಸರಿಸಲಾಯಿತು. ಈ ಯಾತ್ರೆಯ ಯೋಜನೆಯಲ್ಲಿ ಚಂದ್ರನ ಮೇಲೆ ಇಳಿಯುವ ಕೆಲಸವಿರಲಿಲ್ಲ, ಒಬ್ಬರು ಬೇರೆ ನೌಕೆಯಲ್ಲಿ ಒಂಟಿಯಾಗಿ ಉಳಿಯುವುದೂ ಇರಲಿಲ್ಲ. ಅಪೊಲೊದಲ್ಲಿದ್ದಷ್ಟು ಬಿಗಿಯಾದ ಕೆಲಸದ ಹಂಚಿಕೆ ಇಲ್ಲದಿದ್ದುದರಿಂದ ಒಬ್ಬರು ಹಲವು ಸ್ಥಾನಗಳನ್ನು ಕಲಿಯುವುದು ಸಾಧ್ಯವಿತ್ತು.

ಮುಂದೆ ಯಾತ್ರೆಯೇ ಇಲ್ಲವೆಂದು ಗೊತ್ತಿದ್ದೂ ಕೊನೆಯ ಬದಲಿ ತಂಡಗಳು ಯಾಕೆ ಒಪ್ಪಿದವು?

ಅಪೊಲೊ 16 ಮತ್ತು 17ರ ಬದಲಿಗಳಿಗೆ ಸರದಿಯ ಫಲ ಸಿಗುವಂತಿರಲಿಲ್ಲ. ಹೊಸಬರನ್ನು ಮೊದಲಿನಿಂದ ತಯಾರು ಮಾಡುವ ಬದಲು ಹೋಗಿಬಂದವರನ್ನೇ ಕರೆದರು. 16ಕ್ಕೆ ಹೇಯ್ಸ್, ಸ್ಟುವರ್ಟ್ ರೂಸಾ, ಎಡ್ಗರ್ ಮಿಚೆಲ್ ನಿಂತರು. 17ಕ್ಕೆ ಮೊದಲು ನೇಮಕವಾಗಿದ್ದ ಅಪೊಲೊ 15ರ ತಂಡವನ್ನು, ಅನುಮತಿಯಿಲ್ಲದೆ ಅಂಚೆ ಲಕೋಟೆಗಳನ್ನು ಚಂದ್ರನಿಗೆ ಒಯ್ದ ಕಾರಣಕ್ಕೆ 1972ರಲ್ಲಿ ತೆಗೆದುಹಾಕಿದಾಗ, ಯಂಗ್, ರೂಸಾ, ಡ್ಯೂಕ್ ಬಂದರು. ಯಂಗ್ ಮತ್ತು ಡ್ಯೂಕ್ ಚಂದ್ರನಿಂದ ಮರಳಿದ್ದು ಅದೇ ವರ್ಷದ ಏಪ್ರಿಲ್ ಕೊನೆಗೆ. ಸರ್ನನ್‌ಗೋ ಶ್ಮಿಟ್‌ಗೋ ಏನಾದರೂ ಆದರೆ ಯಾತ್ರೆ ನಿಲ್ಲಬಾರದೆಂದು, ಆ ವರ್ಷದ ಡಿಸೆಂಬರ್ 7ರಂದು ಅಪೊಲೊ 17 ಹಾರುವವರೆಗೂ ಅವರು ಅದೇ ಸಿಮ್ಯುಲೇಟರಿನಲ್ಲಿ ಕುಳಿತು ಇನ್ನೊಬ್ಬರ ಕಣಿವೆಗೆ ಇಳಿಯುವ ಅಭ್ಯಾಸ ಮಾಡಿದರು.